ಹೆಜಮನಿಗೆ ಕನ್ನಡದಲ್ಲಿ ಯಾವ ಪದ: ಪ್ರಾಬಲ್ಯವೋ, ಆಧಿಪತ್ಯವೋ, ಯಜಮಾನಿಕೆಯೋ?

ರಾತ್ರಿ ಹತ್ತರ ಮೇಲೆ ಸುದ್ದಿಸಂಸ್ಥೆಯ ಇಂಗ್ಲಿಷ್ ಪ್ರತಿ ಬರುತ್ತದೆ. ಅದರಲ್ಲಿ ವಾರಕ್ಕೊಮ್ಮೆಯಾದರೂ ‘ಹೆಜಮನಿ’ (hegemony, ಒಬ್ಬರಿಗೆ ಉಳಿದವರ ಮೇಲಿರುವ ಹಿಡಿತ) ಎಂಬ ಪದ ಇಣುಕುತ್ತದೆ: ಅಮೆರಿಕದ ಹೆಜಮನಿ, ಡಾಲರಿನ ಹೆಜಮನಿ, ಯಾವುದೋ ಪಕ್ಷದ ಹೆಜಮನಿ. ಬಳ್ಳಾರಿಯ ಪತ್ರಿಕೆಯೊಂದರ ಅನುವಾದದ ಮೇಜಿಗೆ ಹದಿನಾಲ್ಕು ವರ್ಷ ಅಂಟಿಕೊಂಡಿದ್ದ ನಾನು ಅದನ್ನು ಕಣ್ಣು ಮುಚ್ಚಿ ‘ಪ್ರಾಬಲ್ಯ’ ಎಂದು ಟೈಪಿಸಿ ಮುಂದೆ ಸಾಗುತ್ತಿದ್ದೆ. ಅದಕ್ಕೆ ಕಾರಣ ವಿದ್ವತ್ತಲ್ಲ, ಜಾಗ. ಒಂದು ಕಾಲಂ ಶೀರ್ಷಿಕೆಯಲ್ಲಿ ‘ಪ್ರಾಬಲ್ಯ’ ಮೂರು ಅಕ್ಷರಕ್ಕೆ ಮುಗಿಯುತ್ತದೆ. ‘ಯಜಮಾನಿಕೆ’ಗೆ ಐದು ಬೇಕು.

ಕಳೆದ ವರ್ಷ ಸಿಂಧನೂರು ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ಕನ್ನಡ ಮಾಧ್ಯಮದಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾನೆ. “ಸರ್, ಒಂದು ಪುಸ್ತಕದಲ್ಲಿ ಆಧಿಪತ್ಯ ಎಂದಿದೆ, ಇನ್ನೊಂದರಲ್ಲಿ ಯಜಮಾನಿಕೆ, ನೋಟ್ಸಿನಲ್ಲಿ ಪಾರಮ್ಯ. ಪತ್ರಿಕೆಯಲ್ಲಿ ನೀವು ಪ್ರಾಬಲ್ಯ ಎನ್ನುತ್ತೀರಿ. ನಾನು ಯಾವುದನ್ನು ಬರೆಯಲಿ?” ಎಂದ. “ಯಾವುದಾದರೂ ಬರೆ, ಎಲ್ಲ ಒಂದೇ” ಎಂದುಬಿಟ್ಟೆ. ಎಲ್ಲ ಒಂದೇ ಅಲ್ಲ. ಅವನಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಮೂಲ ಪದ. ಗ್ರೀಕ್ ಭಾಷೆಯಲ್ಲಿ ‘ಹೆಗೆಮಾನ್’ ಎಂದರೆ ಮುಂದೆ ನಡೆಯುವವನು, ದಾರಿ ತೋರಿಸುವವನು. ಅವನ ಸ್ಥಾನ ‘ಹೆಗೆಮೋನಿಯ’. ಗಮನಿಸಿ, ಈ ಪದದಲ್ಲಿ ಕತ್ತಿಯೂ ಇಲ್ಲ, ಸಿಂಹಾಸನವೂ ಇಲ್ಲ. ಮುಂದೆ ಒಬ್ಬನಿದ್ದಾನೆ, ಹಿಂದೆ ಬರುವವರಿದ್ದಾರೆ, ಅಷ್ಟೇ. ಕ್ರಿ.ಪೂ. 478ರ ಸುಮಾರಿಗೆ ಪರ್ಷಿಯದ ದಂಡು ಹಿಮ್ಮೆಟ್ಟಿದ ಮೇಲೆ ಸಮುದ್ರತೀರದ ಹಲವು ಗ್ರೀಕ್ ನಗರಗಳು ಅಥೆನ್ಸ್ ನಗರವನ್ನು ತಾವಾಗಿಯೇ ಮುಂದಾಳಾಗಿ ಒಪ್ಪಿಕೊಂಡವು. ಒಕ್ಕೂಟದ ಬೊಕ್ಕಸವನ್ನು ಡೆಲೋಸ್ ಎಂಬ ದ್ವೀಪದಲ್ಲಿ ಇಟ್ಟವು. ಆಮೇಲೆ ನಡೆದದ್ದು ನಮ್ಮ ಕಡೆಯ ಯಾವ ಸಹಕಾರ ಸಂಘದಲ್ಲಾದರೂ ನಡೆಯಬಹುದಾದ ಕಥೆ. ಒಕ್ಕೂಟ ಬಿಡಲು ಹೊರಟ ನಗರಗಳಿಗೆ ಅಥೆನ್ಸ್ ಮುತ್ತಿಗೆ ಹಾಕಿತು, ಕ್ರಿ.ಪೂ. 454ರಲ್ಲಿ ಬೊಕ್ಕಸವೇ ಅಥೆನ್ಸಿಗೆ ಹೋಯಿತು. ಈ ಎರಡನೆಯ ಸ್ಥಿತಿಗೆ ಗ್ರೀಕರ ಬಳಿ ಬೇರೆಯದೇ ಪದ ಇತ್ತು, ‘ಅರ್ಖೆ’. ಒಪ್ಪಿ ಹಿಂಬಾಲಿಸುವುದು ಒಂದು, ಕಪ್ಪ ಕಟ್ಟುವುದು ಇನ್ನೊಂದು. ಗೆರೆ ಯಾವ ದಿನ ದಾಟಿದರು ಎಂಬುದು ಮಾತ್ರ ಅಂದಿನವರಿಗೂ ತಿಳಿದಿರಲಾರದು. ಕ್ರಿ.ಪೂ. 337ರಲ್ಲಿ ಮ್ಯಾಸಿಡೋನಿಯದ ಫಿಲಿಪ್, ಅಂದರೆ ಅಲೆಕ್ಸಾಂಡರನ ತಂದೆ, ಕೊರಿಂತ್ ಒಕ್ಕೂಟದ ‘ಹೆಗೆಮಾನ್’ ಆದಾಗ ಬಿರುದು ಹಳೆಯದೇ ಇತ್ತು. ಹಿಂದೆ ನಡೆದವರಿಗೆ ಆಯ್ಕೆ ಹೆಚ್ಚು ಇರಲಿಲ್ಲ.

ಇಂಗ್ಲಿಷಿಗೆ ಈ ಪದ ಬಂದದ್ದು 16ನೆಯ ಶತಮಾನದಲ್ಲಿ. 19ನೆಯ ಶತಮಾನದ ಪತ್ರಿಕೆಗಳು ಅದನ್ನು ಜರ್ಮನ್ ರಾಜ್ಯಗಳ ನಡುವೆ ಪ್ರಷ್ಯ ಪಡೆದ ಸ್ಥಾನಕ್ಕೆ ಬಳಸಿದವು. ರಷ್ಯದ ಕ್ರಾಂತಿಕಾರಿಗಳು ರೈತರನ್ನು ಕಾರ್ಮಿಕ ವರ್ಗ ಮುನ್ನಡೆಸಬೇಕು ಎಂಬ ಅರ್ಥದಲ್ಲಿ ಬಳಸಿದರು. ಇಂದು ನಮ್ಮ ವಿಮರ್ಶಕರು ಹೇಳುವ ಅರ್ಥವನ್ನು ಕೊಟ್ಟವನು ಇಟಲಿಯ ಆಂಟೋನಿಯೊ ಗ್ರಾಮ್ಷಿ (1891–1937). 1926ರಲ್ಲಿ ಮುಸೊಲಿನಿಯ ಸರ್ಕಾರ ಅವನನ್ನು ಬಂಧಿಸಿತು. 1929ರಿಂದ 1935ರವರೆಗೆ ಸೆರೆಯಲ್ಲಿ ಕುಳಿತು ಅವನು ಟಿಪ್ಪಣಿ ಪುಸ್ತಕಗಳನ್ನು ತುಂಬಿಸಿದ. ಅವನನ್ನು ಕಾಡಿದ ಪ್ರಶ್ನೆ ಸರಳ: ಪೊಲೀಸರು ಬಾಗಿಲಲ್ಲಿ ನಿಂತಿಲ್ಲದಾಗಲೂ ಜನ ಏಕೆ ವಿಧೇಯರಾಗಿರುತ್ತಾರೆ? ಆಳುವವರ ಲೋಕದೃಷ್ಟಿಯೇ ಶಾಲೆ, ಚರ್ಚು, ಪತ್ರಿಕೆಗಳ ಮೂಲಕ ಆಳಿಸಿಕೊಳ್ಳುವವರ ಸಾಮಾನ್ಯ ತಿಳಿವಳಿಕೆಯಾಗಿಬಿಟ್ಟಿರುತ್ತದೆ ಎಂಬುದು ಅವನ ಉತ್ತರ. ಬಲ ಇದ್ದೇ ಇರುತ್ತದೆ, ಆದರೆ ಹಿಂದೆ ಇರುತ್ತದೆ. ಮುಂದೆ ಇರುವುದು ಸಮ್ಮತಿ.

ಈಗ ನಮ್ಮ ಪದಗಳ ಅಂಗಡಿಗೆ ಬರೋಣ.

ಪ್ರಾಬಲ್ಯ

ಪ್ರಬಲನಾಗಿರುವಿಕೆಯೇ ಪ್ರಾಬಲ್ಯ. ಅದರೊಳಗೆ ‘ಬಲ’ ಎದ್ದು ಕಾಣುತ್ತದೆ. ಎಣಿಸಬಹುದಾದ, ತೂಗಬಹುದಾದ ಶಕ್ತಿಗೆ ಇದು ಸರಿಯಾದ ಪದ. ವಿಧಾನಸಭೆಯ ಸ್ಥಾನ, ಎಪಿಎಂಸಿ ಆಡಳಿತ ಮಂಡಳಿಯ ಮತ, ಒಂದು ಜಾತಿಯ ಜನಸಂಖ್ಯೆ, ಯುದ್ಧನೌಕೆಗಳ ಸಂಖ್ಯೆ, ಇವೆಲ್ಲ ಪ್ರಾಬಲ್ಯದ ವಿಷಯಗಳು. ‘ಗಂಗಾವತಿ ಅಕ್ಕಿ ಮಾರುಕಟ್ಟೆಯಲ್ಲಿ ಸೋನಾ ಮಸೂರಿಯ ಪ್ರಾಬಲ್ಯ’ ಎಂದರೆ ಯಾರೂ ತಕರಾರು ಮಾಡುವುದಿಲ್ಲ.

ಇದರ ಸೋಲು ಎಲ್ಲಿ ಎಂದು ತೋರಿಸಲು ಒಂದೇ ಉದಾಹರಣೆ ಸಾಕು. ಭಾರತದಲ್ಲಿ ಬ್ರಿಟಿಷರ ಆಳ್ವಿಕೆಗೆ ‘ಡಾಮಿನೆನ್ಸ್’ ಇತ್ತು, ‘ಹೆಜಮನಿ’ ಇರಲಿಲ್ಲ, ಮನವೊಲಿಕೆಗಿಂತ ಬಲಪ್ರಯೋಗವೇ ಅಲ್ಲಿ ತೂಕವಾಗಿತ್ತು ಎಂದು ಇತಿಹಾಸಕಾರ ರಣಜಿತ್ ಗುಹಾ ವಾದಿಸಿದರು. ಎರಡಕ್ಕೂ ‘ಪ್ರಾಬಲ್ಯ’ ಎಂದೇ ಬರೆಯುವವರ ಕೈಯಲ್ಲಿ ಈ ವಾದ ‘ಪ್ರಾಬಲ್ಯವಿಲ್ಲದ ಪ್ರಾಬಲ್ಯ’ ಆಗುತ್ತದೆ. ನಾನು ಒಮ್ಮೆ ಹೆಚ್ಚುಕಡಿಮೆ ಹಾಗೆಯೇ ಬರೆದು, ಪುಟ ಅಚ್ಚಿಗೆ ಹೋಗುವ ಹತ್ತು ನಿಮಿಷ ಮೊದಲು ಬೆವರಿದವನು. ‘ಯಜಮಾನಿಕೆಯಿಲ್ಲದ ಪ್ರಾಬಲ್ಯ’ ಎಂದು ತಿದ್ದಿದಾಗ ವಾಕ್ಯ ಒಮ್ಮೆಲೇ ಉಸಿರಾಡಿತು.

ಆಧಿಪತ್ಯ, ಮತ್ತು ಅದರ ನೆಂಟರು

ಅಧಿಪತಿಯ ಸ್ಥಾನ ಆಧಿಪತ್ಯ. ಈ ಪದಕ್ಕೆ ಒಬ್ಬ ಒಡೆಯ ಬೇಕು, ಗಡಿ ಬೇಕು, ಆದಷ್ಟೂ ಒಂದು ಪಟ್ಟವೂ ಬೇಕು. ದೊರೆಗಳ, ಸಾಮ್ರಾಜ್ಯಗಳ ಕಥೆಗೆ ಇದಕ್ಕಿಂತ ಒಳ್ಳೆಯ ಪದವಿಲ್ಲ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನಮ್ಮ ರಾಯಚೂರು ದೋಆಬ್‌ಗಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಳ ಕಾಲ ಕಾದಾಡಿದ್ದು ಆಧಿಪತ್ಯಕ್ಕಾಗಿಯೇ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಂದ ಗೆದ್ದಾಗ ದೋಆಬಿನ ಆಧಿಪತ್ಯ ಕೈ ಬದಲಾಯಿತು ಎಂದು ಯಾವ ಅಳುಕೂ ಇಲ್ಲದೆ ಬರೆಯಬಹುದು.

ಆದರೆ ಅದೇ ರಾಯನ ಇನ್ನೊಂದು ಬಿರುದನ್ನು ನೋಡಿ: ‘ಯವನರಾಜ್ಯ ಸ್ಥಾಪನಾಚಾರ್ಯ’. ಬಹಮನಿ ವಂಶದ ರಾಜಕುಮಾರನೊಬ್ಬನನ್ನು ಮತ್ತೆ ಗದ್ದುಗೆಗೇರಿಸಿದ್ದಕ್ಕೆ ಅಂಟಿದ ಬಿರುದು ಇದು. ನೆರೆಯ ರಾಜ್ಯವನ್ನು ನುಂಗದೆ, ಅಲ್ಲಿ ಯಾರು ಕೂರಬೇಕು ಎಂದು ತಾನು ತೀರ್ಮಾನಿಸುವುದು. ಇದು ಆಧಿಪತ್ಯವಲ್ಲ. ಗ್ರೀಕರು ನೋಡಿದ್ದರೆ ‘ಹೆಗೆಮೋನಿಯ’ ಎಂದು ತಲೆಯಾಡಿಸುತ್ತಿದ್ದರು. ರಾಜ್ಯ ರಾಜ್ಯಗಳ ನಡುವಿನ ಇಂಥ ಹಿರಿತನಕ್ಕೆ ನಾನು ‘ಹಿರಿಯಾಳ್ತನ’ ಎಂದೊಂದು ಪದ ಕಟ್ಟಿ ನೋಡಿದೆ, ಸಂಪಾದಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕೈಬಿಟ್ಟೆ.

‘ಸಾರ್ವಭೌಮತ್ವ’ವನ್ನು ಈ ಚರ್ಚೆಗೆ ತರಲೇಬೇಡಿ. ನಮ್ಮ ಸಂವಿಧಾನದ ಪೀಠಿಕೆಯಲ್ಲಿ ಅದಕ್ಕೆ ಬೇರೆ ಕೆಲಸವಿದೆ. ‘ಪ್ರಭುತ್ವ’ವೂ ಹಾಗೆಯೇ, ರಾಜ್ಯಶಾಸ್ತ್ರದಲ್ಲಿ ಅದು ಇಂದು ‘ಸ್ಟೇಟ್’ ಎಂಬ ಅರ್ಥಕ್ಕೆ ನೆಲೆನಿಂತಿದೆ. ‘ಪಾರಮ್ಯ’ ಪರಮವಾಗಿರುವುದನ್ನು ಹೇಳುತ್ತದೆ. ನ್ಯಾಯಾಲಯ ದೊಡ್ಡದೋ ಸಂಸತ್ತು ದೊಡ್ಡದೋ ಎಂಬ ಜಗಳಕ್ಕೆ ಅದು ಒಪ್ಪುತ್ತದೆ. ‘ಮೇಲುಗೈ’ ಅಚ್ಚಗನ್ನಡದ ಚೆಂದದ ಪದ, ಆದರೆ ಅದರ ಆಯುಸ್ಸು ಕಡಿಮೆ. ಮತ ಎಣಿಕೆಯ ಬೆಳಗ್ಗೆ ಒಬ್ಬರದು, ಮಧ್ಯಾಹ್ನ ಇನ್ನೊಬ್ಬರದು.

ದಬ್ಬಾಳಿಕೆಯಿಂದ ಧಣಿಯವರೆಗೆ

‘ದಬ್ಬಾಳಿಕೆ’ ಎಂದಾಗ ಕಿವಿಗೆ ಮೊದಲು ತಟ್ಟುವುದು ‘ದಬ್ಬು’. ದಬ್ಬಿಸಿಕೊಂಡವನಿಗೆ ತನ್ನನ್ನು ದಬ್ಬಿದ್ದು ಗೊತ್ತಿರುತ್ತದೆ. ಹೆಜಮನಿಯಲ್ಲಿ ಗೊತ್ತಿರುವುದಿಲ್ಲ. ಆದ್ದರಿಂದ ಇವೆರಡೂ ಒಂದರ ಬದಲು ಇನ್ನೊಂದು ಆಗಲಾರವು. ಚಳವಳಿಯ ಕರಪತ್ರದಲ್ಲಿ ‘ಅಮೆರಿಕದ ದಬ್ಬಾಳಿಕೆ’ ಎಂದು ಬರೆಯಿರಿ, ಧಾರಾಳವಾಗಿ. ಪರೀಕ್ಷೆಯಲ್ಲಿ ಹೆಜಮನಿಯ ಅರ್ಥವಾಗಿ ಬರೆಯಬೇಡಿ.

‘ಪಾಳೇಗಾರಿಕೆ’ ನಮ್ಮ ಜಿಲ್ಲೆಯ ಪತ್ರಕರ್ತರಿಗೆ ಬಾಯಿಪಾಠ. ಎರಡು ಬಾರಿ ಗೆದ್ದ ಶಾಸಕ ಠಾಣೆಗೆ ಫೋನ್ ಮಾಡಿದರೆ ಸಾಕು, ಅದು ಪಾಳೇಗಾರಿಕೆ. ಆದರೆ ಪಾಳೆಯ ಎಂದರೆ ದಂಡು ಬೀಡುಬಿಟ್ಟ ಜಾಗ, ಪಾಳೇಗಾರ ಎಂದರೆ ಸ್ವಂತ ಕೋಟೆ, ಸ್ವಂತ ದಂಡು ಇದ್ದವನು. ಬಳ್ಳಾರಿಯಲ್ಲಿ ಹಂಡೆ ಮನೆತನದವರು ಅಂಥವರು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಂಪನಿಯ ಸೇನೆಯನ್ನು ತನ್ನ ರಾಜ್ಯದಲ್ಲಿ ಇರಿಸಿಕೊಂಡಿದ್ದರ ಖರ್ಚಿಗೆ ಬದಲಾಗಿ! ಅಂದಿನಿಂದ ಈ ಸೀಮೆಗೆ ‘ದತ್ತ ಮಂಡಲ’ ಎಂಬ ಹೆಸರು. ದತ್ತ ಎಂದರೆ ಕೊಟ್ಟದ್ದು. ನಮ್ಮನ್ನು ಯಾರೋ ಯಾರಿಗೋ ಕೊಟ್ಟರು. ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಪಾಳೇಗಾರರನ್ನು ಒಬ್ಬೊಬ್ಬರನ್ನಾಗಿ ಮಟ್ಟ ಹಾಕಿದ. ಈ ಕಥೆಯಲ್ಲಿ ಪಾಳೇಗಾರರ ಮೇಲೆ ನಡೆದದ್ದು ಬಲಪ್ರಯೋಗ. ಪಟ್ಟದಲ್ಲಿ ಇದ್ದೂ ತನ್ನ ನೆಲವನ್ನೇ ಸೇನೆಯ ಬಾಡಿಗೆಯಾಗಿ ಕೊಟ್ಟ ನಿಜಾಮನದು ಅಧೀನತೆ. ಎರಡಕ್ಕೂ ಒಂದೇ ಪದ ಹಾಕುವ ಅನುವಾದಕ ಎರಡನ್ನೂ ಕೆಡಿಸುತ್ತಾನೆ.

ರಾಯಚೂರು, ಕೊಪ್ಪಳದ ಕಡೆ 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಡಳಿತ ಇದ್ದದ್ದರಿಂದ ‘ಹುಕುಂ’, ‘ದರಬಾರು’ ಜನರ ಮಾತಿನಲ್ಲಿ ಇನ್ನೂ ಬಿಸಿಯಾಗಿವೆ. ‘ಊರಲ್ಲಿ ಅವರದೇ ದರಬಾರು’ ಎಂದರೆ ಅಧಿಕಾರದ ಜೊತೆಗೆ ಅದರ ಆಡಂಬರವೂ ಕಣ್ಣಿಗೆ ಬರುತ್ತದೆ. ಇನ್ನು ‘ಸಾಹುಕಾರ’, ‘ಧಣಿ’. ಸಾಹುಕಾರ ಮೂಲತಃ ಲೇವಾದೇವಿಯವನು, ಧಣಿ ಎಂದರೆ ಹಣವುಳ್ಳವನು. ಸಾಲ ಕೊಟ್ಟವನ ಹೆಸರೇ ಗೌರವದ ಸಂಬೋಧನೆ ಆಗಿಬಿಟ್ಟಿದೆ. ಸಾಲ ತೀರಿದ ಮೇಲೂ, ಸಾಲ ಮಾಡದವರೂ ‘ಸಾಹುಕಾರರೇ’ ಎಂದೇ ಕರೆಯುತ್ತಾರೆ. 2011ರ ಲೋಕಾಯುಕ್ತ ವರದಿಯ ದಿನಗಳಲ್ಲಿ ರಾಜ್ಯದ ಪತ್ರಿಕೆಗಳು ‘ಗಣಿ ಧಣಿಗಳು’, ‘ರಿಪಬ್ಲಿಕ್ ಆಫ್ ಬಳ್ಳಾರಿ’ ಎಂದು ಬರೆದವು. ಬೆಂಗಳೂರಿನಲ್ಲಿ ‘ಧಣಿ’ ವ್ಯಂಗ್ಯವಾಗಿತ್ತು. ಇಲ್ಲಿ ಎಷ್ಟೋ ಜನರ ಬಾಯಲ್ಲಿ ಅದು ವ್ಯಂಗ್ಯವೇ ಆಗಿರಲಿಲ್ಲ. ಹೆಜಮನಿ ಎಂದರೇನು ಎಂದು ತಿಳಿಯಲು ನನಗೆ ಅದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ.

ಯಜಮಾನಿಕೆ

ನನ್ನ ಆಯ್ಕೆ ಇದೇ. ಕನ್ನಡ ವಿಮರ್ಶೆ ಹಿಂದಿನಿಂದಲೇ ಇದನ್ನು ಬಳಸುತ್ತಿದೆ, ಕೆಲವರು ‘ಯಾಜಮಾನ್ಯ’ ಎನ್ನುತ್ತಾರೆ. ‘ಇಕೆ’ ಪ್ರತ್ಯಯದ ರೂಪವೇ ನನಗೆ ಮೆಚ್ಚು, ಒಡಲು ಸಂಸ್ಕೃತದ್ದಾದರೂ ಬಾಲ ನಮ್ಮದು.

ಈ ಪದದ ಹುಟ್ಟು ಯಜ್ಞಶಾಲೆಯಲ್ಲಿ. ‘ಯಜ್’ ಎಂದರೆ ಯಾಗ ಮಾಡು. ಸಂಸ್ಕೃತ ವ್ಯಾಕರಣದಲ್ಲಿ ಕ್ರಿಯೆಯ ಫಲ ಮಾಡಿದವನಿಗೇ ಸೇರಿದರೆ ಆತ್ಮನೇಪದ, ಬೇರೆಯವರಿಗೆ ಸೇರಿದರೆ ಪರಸ್ಮೈಪದ. ಹೊಗೆ ಕುಡಿದು ಮಂತ್ರ ಹೇಳುವ ಪುರೋಹಿತರು ‘ಯಜಂತಿ’, ಪರಸ್ಮೈಪದ. ಖರ್ಚು ವಹಿಸಿ ಪಕ್ಕದಲ್ಲಿ ಕೂತವನು ‘ಯಜತೇ’, ಆತ್ಮನೇಪದ. ಅವನೇ ಯಜಮಾನ. ಕೆಲಸ ಇವರದು, ಫಲ ಅವನದು. ಮಂತ್ರವನ್ನು ಇವರು ಮನಃಪೂರ್ವಕವಾಗಿಯೇ ಹೇಳುತ್ತಾರೆ, ಯಾರೂ ಕತ್ತು ಹಿಡಿದಿಲ್ಲ. ಗ್ರಾಮ್ಷಿ ಸೆರೆಮನೆಯಲ್ಲಿ ತಡಕಾಡಿದ ಸಂಬಂಧವನ್ನು ನಮ್ಮ ವೈಯಾಕರಣರು ಎರಡು ಕ್ರಿಯಾಪದಗಳಲ್ಲಿ ಇಟ್ಟಿದ್ದರು ಎಂದರೆ ಅತಿಶಯೋಕ್ತಿಯಾದೀತು. ಆದರೂ ಹೇಳುವ ಆಸೆ ಬಿಡುವುದಿಲ್ಲ.

ಯಜ್ಞಶಾಲೆಯಿಂದ ಮನೆಗೆ ಬಂದ ಯಜಮಾನ ಕುಟುಂಬದ ಹಿರಿಯನಾದ, ಜಮೀನಿನ ಒಡೆಯನಾದ, ಗಂಡನೂ ಆದ. “ಯಜಮಾನರು ಮನೆಯಲ್ಲಿ ಇಲ್ಲ” ಎನ್ನುವ ಹೆಂಗಸಿಗೆ ತಾನು ರಾಜಕೀಯ ಸಿದ್ಧಾಂತವನ್ನು ನುಡಿಯುತ್ತಿದ್ದೇನೆ ಎಂದು ಅನ್ನಿಸುವುದೇ ಇಲ್ಲ. ಈ ಸಹಜತೆಯೇ ಪದದ ಶಕ್ತಿ. ಗಂಡನನ್ನು ‘ಅಧಿಪತಿ’ ಎಂದು ಯಾರೂ ಕರೆಯುವುದಿಲ್ಲ, ಕರೆದರೆ ಅದು ನಗೆಹಬ್ಬದ ಮಾತು. 2023ರಿಂದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಬರುತ್ತಿರುವುದರಿಂದ ‘ಯಜಮಾನಿ’ ಪದ ಪಡಿತರ ಚೀಟಿಯಿಂದ ಎದ್ದು ಬೀದಿಗೆ ಬಂದಿದೆ. ಹಾಗೆಂದು ಮನೆಯ ಯಜಮಾನಿಕೆಯೂ ಕೈ ಬದಲಾಯಿತೇ ಎಂಬುದು ಬೇರೆಯೇ ಲೇಖನ.

ಯಜಮಾನಿಕೆಯ ವಿರುದ್ಧ ಒಂದು ನ್ಯಾಯವಾದ ಆಕ್ಷೇಪ ಇದೆ: ಅಂತಾರಾಷ್ಟ್ರೀಯ ಸುದ್ದಿಯಲ್ಲಿ ಅದು ತೀರಾ ಮನೆಮಾತಾಗಿ ಕೇಳಿಸುತ್ತದೆ. ‘ಹಿಂದೂ ಮಹಾಸಾಗರದಲ್ಲಿ ಚೀನಾದ ಯಜಮಾನಿಕೆ’ ಎಂದರೆ ಚೀನಾ ಪಂಚೆ ಉಟ್ಟು ಜಗುಲಿಯಲ್ಲಿ ಕೂತಂತೆ. ನೌಕಾಬಲದ ಸುದ್ದಿಯಾದರೆ ‘ಪ್ರಾಬಲ್ಯ’ ಎಂದೇ ಬರೆಯುವುದು ಲೇಸು. ಆದರೆ ಡಾಲರ್, ಇಂಗ್ಲಿಷ್, ಸಿನಿಮಾ, ಉಡುಪು, ಇಲ್ಲೆಲ್ಲ ಯಜಮಾನಿಕೆಯೇ ಸರಿ. ಬಳ್ಳಾರಿಯಲ್ಲಿ ಕೂತು ಇದನ್ನು ವಿವರಿಸುವುದು ಬಹಳ ಸುಲಭ. ಈ ಊರು ಜೀನ್ಸ್ ಹೊಲಿಯುತ್ತದೆ. ಅಮೆರಿಕದ ಗಣಿ ಕೂಲಿಗಳು ತೊಡುತ್ತಿದ್ದ ದಪ್ಪ ಬಟ್ಟೆಯ ಚಲ್ಲಣವನ್ನು ಇಲ್ಲಿ ಓಣಿ ಓಣಿಗಳಲ್ಲಿ ಕತ್ತರಿಸಿ, ಹೊಲಿದು, ಒಗೆದು ಮಾಸಲು ಮಾಡಿ ದೇಶಕ್ಕೆಲ್ಲ ಕಳಿಸುತ್ತಾರೆ. ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಅದನ್ನೇ ತೊಟ್ಟು ಓಡಾಡುತ್ತಾರೆ. ಯಾವ ಅಮೆರಿಕದ ಸೈನಿಕನೂ ಬಂದು ತೊಡು ಎನ್ನಲಿಲ್ಲ.

ಇದು ಹೊಸದೂ ಅಲ್ಲ. ಇಲ್ಲಿಂದ ಹಂಪಿ ದೂರವೇನಿಲ್ಲ, 2021ರವರೆಗೆ ನಮ್ಮ ಜಿಲ್ಲೆಯದೇ ಆಗಿತ್ತು. ವಿಜಯನಗರದ ಅರಸರು ತಮ್ಮನ್ನು ‘ಹಿಂದೂರಾಯ ಸುರತ್ರಾಣ’ ಎಂದು ಶಾಸನಗಳಲ್ಲಿ ಕರೆದುಕೊಂಡರು. ಸುರತ್ರಾಣ ಎಂದರೆ ದೇವತೆಗಳನ್ನು ಕಾಯುವವನು ಎಂದು ಅರ್ಥ ಹೊಂದಿಸಬಹುದು, ಆದರೆ ಅದು ‘ಸುಲ್ತಾನ್’ ಪದಕ್ಕೆ ತೊಡಿಸಿದ ಸಂಸ್ಕೃತದ ಅಂಗಿ. ಆಸ್ಥಾನದ ಉಡುಪಾದರೂ ಏನು? ಉದ್ದನೆಯ ಕಬಾಯಿ, ಎತ್ತರದ ಕುಲಾಯಿ. ಕಬಾಯಿ ಅರಬ್ಬಿಯ ‘ಕಬಾ’, ಕುಲಾಯಿ ಪಾರಸಿಯ ‘ಕುಲಾಹ್’. ತಿರುಮಲದಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲೂ ಆ ಎತ್ತರದ ಟೋಪಿಯೇ ಇದೆ. ರಣರಂಗದಲ್ಲಿ ಸುಲ್ತಾನರನ್ನು ಸೋಲಿಸಿದ ದೊರೆ, ದರಬಾರಿಗೆ ಬರುವಾಗ ಸುಲ್ತಾನರ ಲೋಕದ ಉಡುಪನ್ನೇ ಗೌರವದ ಗುರುತಾಗಿ ತೊಟ್ಟ. ಪ್ರಾಬಲ್ಯ ವಿಜಯನಗರದ್ದು. ಯಜಮಾನಿಕೆ ಪಾರಸಿ ಲೋಕದ್ದು. ಒಂದೇ ವಾಕ್ಯದಲ್ಲಿ ಎರಡೂ ಪದಗಳು ಬೇಕೆನ್ನುವುದು ಇಂಥ ಕಡೆ.

ಭಾಷೆಯ ಮಾತನ್ನು ಬಿಟ್ಟರೆ ಕೊಪ್ಪಳದವರು ನನ್ನನ್ನು ಬಿಡುವುದಿಲ್ಲ. ಗ್ರಾಮ್ಷಿ ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಭಾಷಾಶಾಸ್ತ್ರ. ಹುಟ್ಟಿದ್ದು ಸಾರ್ಡಿನಿಯ ಎಂಬ ದ್ವೀಪದಲ್ಲಿ, ಅಲ್ಲಿಯ ಮನೆಮಾತು ಬೇರೆ, ಶಾಲೆಯ ಇಟಾಲಿಯನ್ ಬೇರೆ. ಯಾವ ನುಡಿ ‘ಶುದ್ಧ’ ಎಂಬ ಚರ್ಚೆ ಎದ್ದಾಗಲೆಲ್ಲ ಯಜಮಾನಿಕೆಯ ಪುನರ್ವ್ಯವಸ್ಥೆ ನಡೆಯುತ್ತಿರುತ್ತದೆ ಎಂದು ಅವನು 1935ರ ಟಿಪ್ಪಣಿಗಳಲ್ಲಿ ಹೇಳಿದ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ನಾಲ್ಕು ಊರುಗಳ ಗಡಿ ಹಾಕಿ ತೋರಿಸುತ್ತದೆ: ಕಿಸುವೊಳಲು, ಮಹಾಕೊಪಣ ನಗರ, ಪುಲಿಗೆರೆ, ಒಂಕುಂದ. ಆ ಕೊಪಣವೇ ಇಂದಿನ ಕೊಪ್ಪಳ. ಅಂದು ಅಳತೆಗೋಲಾಗಿದ್ದ ಊರಿನ ಮಗು ಇಂದು ಶಾಲೆಯಲ್ಲಿ ‘ಐತಿ’ ಎಂದರೆ ‘ಇದೆ’ ಎಂದು ತಿದ್ದಿಸಿಕೊಳ್ಳುತ್ತದೆ. ನಾನೂ ತಿದ್ದಿಸಿಕೊಂಡವನೇ. ಈಗ ಸಂಬಳ ಪಡೆದು ಬೇರೆಯವರನ್ನು ತಿದ್ದುತ್ತೇನೆ, ಈ ಲೇಖನವನ್ನೂ ತಿದ್ದಿದ್ದೇನೆ. ನನ್ನನ್ನು ಯಾರೂ ಬೆದರಿಸಿಲ್ಲ.

‘ಹೆಜಮನಿ’ ಎಂದೇ ಕನ್ನಡ ಲಿಪಿಯಲ್ಲಿ ಬರೆದುಬಿಟ್ಟರೆ ಹೇಗೆ ಎಂದು ಕೇಳುವವರಿದ್ದಾರೆ. ಬಸ್ಸು, ಕಚೇರಿ, ಡಾಲರ್ ಬಂದಂತೆ ಇದೂ ಬರಲಿ ಎಂಬ ವಾದ. ಸಂಶೋಧನಾ ಪ್ರಬಂಧದಲ್ಲಿ ಮೊದಲ ಸಲ ಒಮ್ಮೆ ಬರೆದು, ಮುಂದೆ ಯಜಮಾನಿಕೆ ಎನ್ನಿ. ಅದಕ್ಕಿಂತ ಹೆಚ್ಚಿನ ಸಲಿಗೆ ಕೊಟ್ಟರೆ ಓದುಗ ಅದನ್ನು ಹಾರ್ಮೋನಿಯಂನ ತಮ್ಮ ಎಂದುಕೊಂಡಾನು.

ಸಿಂಧನೂರಿನ ಹುಡುಗನಿಗೆ ಮೊನ್ನೆ ಫೋನ್ ಮಾಡಿ ಇದನ್ನೆಲ್ಲ ಚುಟುಕಾಗಿ ಹೇಳಿದೆ. “ಎದುರಿನವರು ಏಕೆ ಒಪ್ಪಿದರು ಎಂದು ಕೇಳಿಕೋ. ಹೆದರಿ ಒಪ್ಪಿದ್ದರೆ ದಬ್ಬಾಳಿಕೆ. ಸಂಖ್ಯೆ, ಬಲ ನೋಡಿ ಸುಮ್ಮನಾಗಿದ್ದರೆ ಪ್ರಾಬಲ್ಯ. ಪಟ್ಟಕ್ಕೋ ಕರಾರಿಗೋ ತಲೆಬಾಗಿದ್ದರೆ ಆಧಿಪತ್ಯ. ಲೋಕ ಇರುವುದೇ ಹೀಗೆ ಎಂದುಕೊಂಡು ಒಪ್ಪಿದ್ದರೆ ಯಜಮಾನಿಕೆ ಎಂದು ಬರೆ.”

ಅವನು ಸ್ವಲ್ಪ ಹೊತ್ತು ಬರೆದುಕೊಂಡ. ಆಮೇಲೆ, “ಹಾಗಾದರೆ ನಮ್ಮೂರಿನ ಸಾಹುಕಾರರದು ಯಾವುದು ಸರ್?” ಎಂದ.

“ಅವರ ಜೀಪು ಹೋಗುವಾಗ ಕಟ್ಟೆಯ ಮೇಲೆ ಕೂತವರು ಏಳುತ್ತಾರೆಯೇ?”

“ಏಳುತ್ತಾರೆ.”

“ಜೀಪಿನಲ್ಲಿ ಡ್ರೈವರ್ ಒಬ್ಬನೇ ಇದ್ದರೆ?”

“ಅಪ್ಪ ಆಗಲೂ ಏಳುತ್ತಾರೆ” ಎಂದ. ತುಸು ತಡೆದು, “ನಾನು ಮೊಬೈಲ್ ನೋಡುತ್ತಿರುತ್ತೇನೆ ಸರ್” ಎಂದ.